ಓದುಗರ ಪ್ರಶ್ನೆ: ಎಳೆಯ ಆಟಗಾರರನ್ನು ಕೊಟ್ಟು ಸಿದ್ಧ ತಾರೆಯನ್ನು ತರುವುದು ಸರಿಯೇ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ತಂಡಗಳ ನಡುವೆ ಆಟಗಾರರ ವಿನಿಮಯ ಜೋರಾಗುವ ಜುಲೈ ತಿಂಗಳು ಬಂತೆಂದರೆ ಒಂದೇ ತಂಡದ ಅಭಿಮಾನಿಗಳು ಎರಡು ಪಂಗಡಗಳಾಗಿ ವಾದಕ್ಕಿಳಿಯುತ್ತಾರೆ. ಕೆಳಹಂತದ ಮೈನರ್ ಲೀಗ್‌ನಲ್ಲಿ ಬೆಳೆಯುತ್ತಿರುವ ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟಾದರೂ ಈ ವರ್ಷವೇ ದೊಡ್ಡ ಆಟಗಾರನೊಬ್ಬನನ್ನು ತರಬೇಕೆಂಬುದು ಒಂದು ವಾದ. ಅದು ಬಿತ್ತನೆ ಬೀಜವನ್ನೇ ಬೇಯಿಸಿ ಉಂಡಂತೆ ಎಂಬುದು ಇನ್ನೊಂದು. ಯಾರ ಮಾತು ಸರಿ?

ಉತ್ತರ: ಚುಟುಕಾಗಿ ಹೇಳುವುದಾದರೆ, ತಂಡ ಗೆಲುವಿನ ಹೊಸ್ತಿಲಲ್ಲಿದ್ದು, ಬರುವವನು ನಿಜಕ್ಕೂ ಅಗ್ರಶ್ರೇಣಿಯ ಆಟಗಾರನಾಗಿದ್ದರೆ ಕೊಡುವುದೇ ಸರಿ, ಕೊಟ್ಟ ಹುಡುಗ ಮುಂದೆ ಎಷ್ಟೇ ದೊಡ್ಡವನಾಗಲಿ, ಆ ನಿರ್ಧಾರ ಅಂದಿಗೆ ಸರಿಯಾಗಿಯೇ ಇತ್ತು. ಈ ಎರಡು ಷರತ್ತುಗಳಲ್ಲಿ ಒಂದು ಇಲ್ಲದಿದ್ದರೂ ಅದು ದುಂದುಗಾರಿಕೆ. ಅಭಿಮಾನಿಗಳ ವಾದ ದಾರಿ ತಪ್ಪುವುದು, ಇಬ್ಬರು ಆಟಗಾರರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ದೊಡ್ಡವರಾದರೆಂದು ಹತ್ತು ವರ್ಷಗಳ ನಂತರ ಲೆಕ್ಕ ಹಾಕುವಾಗ. ಇಲ್ಲಿ ಕೈ ಬದಲಾಗುವುದು ಪ್ರತಿಭೆಗಿಂತ ಹೆಚ್ಚಾಗಿ ವರ್ಷಗಳು.

ಐಪಿಎಲ್ ನೋಡಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಆರ್‌ಸಿಬಿ ತಂಡವು ಮುಂಬೈನಿಂದ ಕ್ಯಾಮರೂನ್ ಗ್ರೀನ್ ಅವರನ್ನು ತಂದಾಗ 17.5 ಕೋಟಿ ರೂಪಾಯಿಯ ಹೊಣೆ ಹೊತ್ತುಕೊಂಡಿತೇ ಹೊರತು ಯಾವ ಎಳೆಯ ಆಟಗಾರನನ್ನೂ ಕೊಡಲಿಲ್ಲ. ಮರುವರ್ಷ ಮೆಗಾ ಹರಾಜು ಬಂದು ಎಲ್ಲ ತಂಡಗಳ ಪಟ್ಟಿಯೂ ಹೆಚ್ಚುಕಡಿಮೆ ಖಾಲಿಯಾಯಿತು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಥ ಹರಾಜೇ ಇಲ್ಲ. ಶಾಲೆ ಅಥವಾ ಕಾಲೇಜಿನಿಂದ, ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮೂಲಕ, ಇಲ್ಲವೇ ಡೊಮಿನಿಕನ್ ಗಣರಾಜ್ಯದಂಥ ದೇಶಗಳಿಂದ ಹದಿನಾರರ ವಯಸ್ಸಿಗೇ ಬರುವ ಹುಡುಗನೊಬ್ಬ ಮೈನರ್ ಲೀಗ್‌ನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಾನೆ. ಮೇಲಿನ ಹಂತ ತಲುಪಿದ ಮೇಲೆ ಆರು ಪೂರ್ಣ ವರ್ಷಗಳ ಸೇವೆ ಮುಗಿಯುವವರೆಗೂ, ಅಂದರೆ ವರ್ಷಕ್ಕೆ 172 ದಿನಗಳ ಲೆಕ್ಕದಲ್ಲಿ ಆರು ಬಾರಿ, ಅವನು ಆ ಸಂಸ್ಥೆಗೇ ಕಟ್ಟುಬಿದ್ದಿರುತ್ತಾನೆ. ಮೊದಲ ಮೂರು ವರ್ಷ ಸಿಗುವುದು ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ನಂತರದ ಮೂರು ವರ್ಷ ಸಂಬಳವನ್ನು ಪಂಚಾಯಿತಿಯ ಮೂಲಕ ತೀರ್ಮಾನಿಸಿಕೊಳ್ಳಬಹುದು. ಅದಾದ ಮೇಲೆಯೇ ಅವನು ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡ ಸೇರಲು ಸ್ವತಂತ್ರ. ಮುಕ್ತ ಮಾರುಕಟ್ಟೆಯಲ್ಲಿ ಕೊಂಡರೆ ವರ್ಷಕ್ಕೆ 3 ಕೋಟಿ ಡಾಲರ್ ದಾಟುವ ಆಟವನ್ನು ಏಳೆಂಟು ಲಕ್ಷಕ್ಕೆ ಆಡಿಕೊಡಬಲ್ಲ ಹುಡುಗನ ಬೆಲೆ ಇರುವುದು ಈ ಆರು ವರ್ಷಗಳಲ್ಲಿ. ಅತ್ತ ಸಿದ್ಧ ತಾರೆಯ ಒಪ್ಪಂದದಲ್ಲಿ ಉಳಿದಿರುವುದು ಎಷ್ಟೋ ಸಲ ಮೂರೇ ತಿಂಗಳು.

ಹಾಗಿದ್ದರೆ ಕೊಡುವವರು ಮೂರ್ಖರೇ? ಈ ವಾದದಲ್ಲಿ ಎಲ್ಲರೂ ಎತ್ತಿಕೊಳ್ಳುವ ಹಳೆಯ ಉದಾಹರಣೆಯನ್ನೇ ನೋಡೋಣ. 1987ರ ಆಗಸ್ಟ್ 12ರಂದು ಡೆಟ್ರಾಯಿಟ್ ಟೈಗರ್ಸ್ ತಂಡವು ಅಟ್ಲಾಂಟಾ ಬ್ರೇವ್ಸ್‌ನಿಂದ ಡಾಯ್ಲ್ ಅಲೆಕ್ಸಾಂಡರ್ ಎಂಬ 36 ವರ್ಷದ ಪಿಚರ್‌ನನ್ನು, ಅಂದರೆ ಪಂದ್ಯದ ಗೆಲುವು ಸೋಲು ಯಾರ ಹೆಸರಿಗೆ ಬರೆಯಲಾಗುತ್ತದೋ ಆ ಎಸೆತಗಾರನನ್ನು, ತಂದಿತು. ಬದಲಿಗೆ ಕೊಟ್ಟಿದ್ದು ಇಪ್ಪತ್ತರ ಹರೆಯದ ಜಾನ್ ಸ್ಮೋಲ್ಟ್ಸ್ ಎಂಬ ಹುಡುಗನನ್ನು. ಸ್ಮೋಲ್ಟ್ಸ್ ಮುಂದೆ ಅಟ್ಲಾಂಟಾದ ಆಧಾರಸ್ತಂಭವಾಗಿ, 213 ಪಂದ್ಯಗಳನ್ನು ಗೆದ್ದು, 154 ಪಂದ್ಯಗಳನ್ನು ಕೊನೆಯಲ್ಲಿ ಬಂದು ಉಳಿಸಿಕೊಟ್ಟು, 2015ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮಿಚಿಗನ್‌ನಲ್ಲೇ ಹುಟ್ಟಿ ಬೆಳೆದು ಟೈಗರ್ಸ್ ಅಭಿಮಾನಿಯಾಗಿದ್ದ ಹುಡುಗನನ್ನು ಕೈಯಾರೆ ಕಳೆದುಕೊಂಡರಲ್ಲ ಎಂದು ಡೆಟ್ರಾಯಿಟ್‌ನವರು ಇಂದಿಗೂ ಹಲುಬುತ್ತಾರೆ.

ಆದರೆ ಆ ಆಗಸ್ಟ್‌ನಲ್ಲಿ ನಿಂತು ನೋಡಬೇಕು. ಮೈನರ್ ಲೀಗ್‌ನ ಡಬಲ್-ಎ ಹಂತದಲ್ಲಿ ಆಡುತ್ತಿದ್ದ ಸ್ಮೋಲ್ಟ್ಸ್ ಆ ವರ್ಷ ನಾಲ್ಕು ಗೆದ್ದು ಹತ್ತು ಸೋತಿದ್ದರು. ಒಂದು ಪೂರ್ಣ ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಐದೂವರೆಗಿಂತ ಹೆಚ್ಚು ರನ್ ಬಿಟ್ಟುಕೊಡುತ್ತಿದ್ದರು. ಇತ್ತ ಅಲೆಕ್ಸಾಂಡರ್ ಬಂದವರೇ ಒಂಬತ್ತು ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ, ಸರಾಸರಿ 1.53. ಆಗ ಪ್ರತಿ ವಿಭಾಗದ ಮೊದಲ ಸ್ಥಾನದವರಿಗೆ ಮಾತ್ರ ಪ್ಲೇಆಫ್ ಪ್ರವೇಶವಿತ್ತು. ಸೀಸನ್‌ನ ಕೊನೆಯ ವಾರಾಂತ್ಯದಲ್ಲಿ ಟೊರಾಂಟೊ ತಂಡ ಒಂದು ಪಂದ್ಯದ ಮುನ್ನಡೆಯೊಂದಿಗೆ ಡೆಟ್ರಾಯಿಟ್‌ಗೆ ಬಂತು. ಶುಕ್ರವಾರ ಅಲೆಕ್ಸಾಂಡರ್ 4-3ರಲ್ಲಿ ಗೆದ್ದುಕೊಟ್ಟರು, ಭಾನುವಾರ ಫ್ರಾಂಕ್ ಟನಾನಾ 1-0ಯಲ್ಲಿ ಮುಗಿಸಿದರು. ಮೂರೂ ಪಂದ್ಯಗಳನ್ನು ಒಂದೊಂದೇ ರನ್ ಅಂತರದಲ್ಲಿ ಗೆದ್ದ ಟೈಗರ್ಸ್ 98 ಗೆಲುವಿನೊಂದಿಗೆ ಮೇಲೆ ನಿಂತಿತು, 96 ಗೆದ್ದ ಟೊರಾಂಟೊ ಮನೆಗೆ ಹೋಯಿತು. ಅಲೆಕ್ಸಾಂಡರ್ ಇಲ್ಲದಿದ್ದರೆ ಈ ಎರಡು ಪಂದ್ಯಗಳ ಅಂತರ ಎಲ್ಲಿರುತ್ತಿತ್ತು? ಮುಂದಿನ ಸುತ್ತಿನಲ್ಲಿ ಅವರು ಎರಡು ಸಲ ಸೋತರು, ಮಿನ್ನೆಸೋಟ ತಂಡ ಟೈಗರ್ಸ್‌ನ್ನು ಹೊರಹಾಕಿತು, ನಿಜ. ಆದರೂ ತಂದ ಕೆಲಸವನ್ನು ಆ ಮನುಷ್ಯ ಪೂರ್ತಿಯಾಗಿ ಮಾಡಿದ್ದರು.

1990ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಲ್ಯಾರಿ ಆಂಡರ್ಸನ್ ಎಂಬ, ಪಂದ್ಯದ ನಡುವೆ ಬಂದು ಎಸೆಯುವ ರಿಲೀವರ್‌ಗಾಗಿ ಜೆಫ್ ಬ್ಯಾಗ್‌ವೆಲ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿದ್ದರ ಕಥೆಯೂ ಹೆಚ್ಚುಕಡಿಮೆ ಇದೇ. ಅಲ್ಲಿಯೂ ಎರಡೇ ಪಂದ್ಯಗಳ ಅಂತರ, ಅಲ್ಲಿಯೂ ಎರಡನೆಯವರು ಟೊರಾಂಟೊದವರೇ. ಆದರೆ ಇದನ್ನು ನಾನು ಅಷ್ಟು ಸುಲಭವಾಗಿ ಸಮರ್ಥಿಸಲಾರೆ. ಬ್ಯಾಗ್‌ವೆಲ್ ಆ ವರ್ಷ ಡಬಲ್-ಎ ಹಂತದಲ್ಲಿ .333 ಸರಾಸರಿಯಲ್ಲಿ, ಅಂದರೆ ಮೂರು ಸಲಕ್ಕೊಮ್ಮೆ ಯಶಸ್ವಿಯಾಗಿ, ಹೊಡೆಯುತ್ತಿದ್ದರು, ಅವರ ಬ್ಯಾಟು ಆಗಲೇ ಮಾತಾಡುತ್ತಿತ್ತು; ಬಂದ ಆಂಡರ್ಸನ್ ಬಾಸ್ಟನ್ ಪರ ಎಸೆದದ್ದು 22 ಇನ್ನಿಂಗ್ಸ್ ಮಾತ್ರ. ಬ್ಯಾಗ್‌ವೆಲ್ ಹ್ಯೂಸ್ಟನ್‌ನಲ್ಲಿ 449 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು.

ಈ ಪ್ರಶ್ನೆಯ ಎರಡೂ ಮುಖಗಳನ್ನು ಒಂದೇ ವರ್ಷದಲ್ಲಿ, ಒಂದೇ ತಂಡದಲ್ಲಿ ನೋಡಬೇಕಾದರೆ 2016ರ ಶಿಕಾಗೊ ವೈಟ್ ಸಾಕ್ಸ್‌ಗಿಂತ ಒಳ್ಳೆಯ ಪಾಠವಿಲ್ಲ. ಮೇ ತಿಂಗಳ ಆರಂಭದಲ್ಲಿ 23 ಗೆದ್ದು 10 ಮಾತ್ರ ಸೋತಿದ್ದ ಆ ತಂಡ, ಆಮೇಲೆ ಜಾರತೊಡಗಿದಾಗ ಗಾಬರಿಯಿಂದ ಜೂನ್‌ನಲ್ಲಿ ಸ್ಯಾನ್ ಡಿಯೇಗೊದಿಂದ ಜೇಮ್ಸ್ ಶೀಲ್ಡ್ಸ್ ಎಂಬ ಹೆಸರುವಾಸಿ ಪಿಚರ್‌ನನ್ನು ತಂದಿತು. ಹೆಸರು ದೊಡ್ಡದಿತ್ತು, ತೋಳಿನ ಕಸುವು ಆಗಲೇ ಇಳಿದಿತ್ತು. ಶಿಕಾಗೊದಲ್ಲಿ ಆ ವರ್ಷ ಅವರು ನಾಲ್ಕು ಗೆದ್ದು ಹನ್ನೆರಡು ಸೋತರು, ಸರಾಸರಿ 6.77, ತಂಡ 78 ಗೆಲುವಿಗೆ ನಿಂತಿತು. ಬದಲಿಗೆ ಹೋದ ಇಬ್ಬರಲ್ಲಿ ಒಬ್ಬ, ಅಮೆರಿಕದಲ್ಲಿ ಒಂದೂ ವೃತ್ತಿಪರ ಪಂದ್ಯ ಆಡಿರದ 17 ವರ್ಷದ ಫರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ 42 ಹೋಮ್ ರನ್‌ಗಳೊಂದಿಗೆ ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಮೊದಲ ಸ್ಥಾನದಲ್ಲಿದ್ದದ್ದು ಇದೇ ಹುಡುಗ. ಆದರೆ ವೈಟ್ ಸಾಕ್ಸ್‌ನ ತಪ್ಪು ಟಾಟಿಸ್ ಏನಾಗುತ್ತಾರೆಂದು ಊಹಿಸದಿದ್ದುದಲ್ಲ, ಹದಿನೇಳರ ಹುಡುಗನಲ್ಲಿ ಅದನ್ನು ಖಚಿತವಾಗಿ ಕಾಣಬಲ್ಲವರು ಯಾರೂ ಇಲ್ಲ. ಶೀಲ್ಡ್ಸ್ ಏನಾಗಿದ್ದಾರೆಂದು ನೋಡದಿದ್ದುದು ತಪ್ಪು.

ಡಿಸೆಂಬರ್ ಹೊತ್ತಿಗೆ ಅದೇ ತಂಡ ಪೂರ್ತಿ ತಿರುಗಿ ನಿಂತಿತು. ತನ್ನ ಅತ್ಯುತ್ತಮ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಯೋವನ್ ಮೊಂಕಾಡ, ಮೈಕಲ್ ಕೋಪೆಕ್ ಮತ್ತಿತರರನ್ನು ಪಡೆಯಿತು. ಆ ದಿನಗಳಲ್ಲಿ ದೇಶದ ಎಳೆಯ ಆಟಗಾರರ ಪಟ್ಟಿಗಳಲ್ಲಿ ಮೊಂಕಾಡ ಹೆಸರು ತುತ್ತತುದಿಯಲ್ಲಿತ್ತು. ಅದರ ಬೆನ್ನಿಗೇ ಆಡಮ್ ಈಟನ್ ಅವರನ್ನು ವಾಷಿಂಗ್ಟನ್‌ಗೆ ಕಳಿಸಿ ಲ್ಯೂಕಸ್ ಜಿಯೊಲಿಟೊ ಸೇರಿದಂತೆ ಮೂವರನ್ನು, ಮುಂದಿನ ಜುಲೈನಲ್ಲಿ ಹೊಸೆ ಕಿಂಟಾನ ಅವರನ್ನು ಶಿಕಾಗೊದ ಇನ್ನೊಂದು ತಂಡ ಕಬ್ಸ್‌ಗೆ ಕೊಟ್ಟು ಎಲಾಯ್ ಹಿಮೆನೆಜ್ ಹಾಗೂ ಡಿಲನ್ ಸೀಸ್ ಅವರನ್ನು ತಂದಿತು. ಎಳೆಯರನ್ನು ಕೂಡಿಟ್ಟುಕೊಳ್ಳಬೇಕೆನ್ನುವ ಪಂಗಡಕ್ಕೆ ಇದಕ್ಕಿಂತ ಸಿಹಿಯಾದ ಕಾಲವಿರಲಿಲ್ಲ. ಹುಡುಗರು ವ್ಯರ್ಥವೂ ಆಗಲಿಲ್ಲ: ಜಿಯೊಲಿಟೊ 2020ರಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯವನ್ನಾಡಿದರು, ತಂಡ 2020 ಮತ್ತು 2021ರಲ್ಲಿ ಪ್ಲೇಆಫ್ ತಲುಪಿತು. ಅಲ್ಲಿ ಒಂದು ಸರಣಿಯನ್ನೂ ಗೆಲ್ಲಲಿಲ್ಲ. 2024ರಲ್ಲಿ 121 ಪಂದ್ಯಗಳನ್ನು ಸೋತು, ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ವರ್ಷ ಅತಿ ಹೆಚ್ಚು ಸೋತ ತಂಡವೆನಿಸಿತು. ಅಷ್ಟರಲ್ಲಿ ಸೇಲ್ ವರ್ಷದ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯಲ್ಲಿ 2018ರ ಕೊನೆಯ ಔಟನ್ನು ತಾವೇ ಪಡೆದು ಬಾಸ್ಟನ್‌ಗೆ ಪ್ರಶಸ್ತಿ ತಂದುಕೊಟ್ಟಿದ್ದರು, ಈಟನ್ 2019ರಲ್ಲಿ ವಾಷಿಂಗ್ಟನ್‌ನೊಂದಿಗೆ ಅದೇ ಪ್ರಶಸ್ತಿ ಗೆದ್ದಿದ್ದರು.

ಇದರಿಂದ ಎಳೆಯರಿಗೆ ಬೆಲೆಯಿಲ್ಲವೆಂದು ಅರ್ಥವಲ್ಲ. ಪಟ್ಟಿಯಲ್ಲಿರುವ ಶ್ರೇಯಾಂಕಕ್ಕೂ ಮೈದಾನದ ಫಲಕ್ಕೂ ನಡುವೆ ಮೊಣಕೈ ಶಸ್ತ್ರಚಿಕಿತ್ಸೆ, ಹೊಡೆಯಲಾಗದ ತಿರುವಿನ ಎಸೆತ, ಮನೆಯಿಂದ ದೂರದ ಒಂಟಿತನ ಎಲ್ಲವೂ ಇವೆ. ಕೋಪೆಕ್ ಮೇಲಿನ ಹಂತದಲ್ಲಿ ನಾಲ್ಕೇ ಪಂದ್ಯ ಆಡುವಷ್ಟರಲ್ಲಿ ಮೊಣಕೈ ಕೈಕೊಟ್ಟಿತ್ತು. ವಾದ ಮಾಡುವಾಗ ನಾವು ಇವರನ್ನು ಬರೀ ಹೆಸರುಗಳಾಗಿ ಎಣಿಸುತ್ತೇವೆ. ಬಿಲ್ಲಿ ಮೆಕಿನಿ ಎಂಬ ಆಟಗಾರ 2014ರ ಜುಲೈನಲ್ಲಿ ಓಕ್ಲೆಂಡ್‌ನಿಂದ ಕಬ್ಸ್‌ಗೆ, 2016ರ ಜುಲೈನಲ್ಲಿ ಕಬ್ಸ್‌ನಿಂದ ನ್ಯೂಯಾರ್ಕ್ ಯಾಂಕೀಸ್‌ಗೆ, 2018ರ ಜುಲೈನಲ್ಲಿ ಯಾಂಕೀಸ್‌ನಿಂದ ಟೊರಾಂಟೊಗೆ ಹೋದರು. ಮೂರು ಸಲವೂ ಗೆಲ್ಲಬೇಕೆಂಬ ಆತುರದಲ್ಲಿದ್ದ ಯಾವುದೋ ತಂಡ ಒಬ್ಬಿಬ್ಬರು ಪಿಚರ್‌ಗಳಿಗಾಗಿ ಅವರನ್ನು ಕೊಟ್ಟಿತ್ತು.

ಅವುಗಳಲ್ಲಿ ನಡುವಿನದು ನಾನು ಕಂಡಂತೆ ಈ ಚರ್ಚೆಯ ಅತ್ಯಂತ ಸ್ಪಷ್ಟ ಉದಾಹರಣೆ. 1908ರಿಂದ ಪ್ರಶಸ್ತಿಯ ಮುಖ ಕಾಣದಿದ್ದ ಶಿಕಾಗೊ ಕಬ್ಸ್ 2016ರ ಜುಲೈ 25ರಂದು ಯಾಂಕೀಸ್‌ನಿಂದ ಆರೋಲ್ಡಿಸ್ ಚಾಪ್ಮನ್ ಅವರನ್ನು ತಂದಿತು. ಅವರ ಒಪ್ಪಂದ ಆ ವರ್ಷಾಂತ್ಯಕ್ಕೇ ಮುಗಿಯುವುದಿತ್ತು. ಕೊಟ್ಟ ನಾಲ್ವರಲ್ಲಿ ಮುಖ್ಯನಾದವನು 19 ವರ್ಷದ ಗ್ಲೇಬರ್ ಟೋರೆಸ್. ಕೌಟುಂಬಿಕ ದೌರ್ಜನ್ಯದ ಪ್ರಕರಣದಲ್ಲಿ ಆ ವರ್ಷವೇ 30 ಪಂದ್ಯಗಳ ನಿಷೇಧ ಅನುಭವಿಸಿದ್ದ ಚಾಪ್ಮನ್ ತಮ್ಮ ತಂಡಕ್ಕೆ ಬೇಡವೇ ಬೇಡವೆಂದ ಅಭಿಮಾನಿಗಳೂ ಇದ್ದರು. ಆ ಆಕ್ಷೇಪ ಗೆಲುವಿನಿಂದ ಅಳಿಸಿಹೋಗುವಂಥದ್ದಲ್ಲ, ಅದನ್ನು ಆಟದ ಲೆಕ್ಕದೊಳಗೆ ಸೇರಿಸಲೂ ಬಾರದು.

ಆಟದ ಲೆಕ್ಕ ಹೀಗಿತ್ತು. ವಿಶ್ವ ಸರಣಿಯಲ್ಲಿ ಕ್ಲೀವ್ಲೆಂಡ್‌ಗೆ 3-1ರಿಂದ ಹಿಂದೆ ಬಿದ್ದಿದ್ದ ಕಬ್ಸ್ ಐದನೆಯ ಪಂದ್ಯವನ್ನು 3-2ರಲ್ಲಿ ಗೆದ್ದಿತು, ಅದರ ಕೊನೆಯ ಎಂಟು ಔಟ್‌ಗಳನ್ನೂ ಪಡೆದವರು ಚಾಪ್ಮನ್. ಆರನೆಯ ಪಂದ್ಯದಲ್ಲಿ ಐದು ರನ್‌ಗಳ ಮುನ್ನಡೆಯಿದ್ದಾಗಲೂ ಅವರನ್ನೇ ಕರೆದದ್ದು ಅತಿಯಾಯಿತು. ಏಳನೆಯ ಪಂದ್ಯದ ಎಂಟನೆಯ ಇನ್ನಿಂಗ್ಸ್‌ನಲ್ಲಿ, ದಣಿದ ತೋಳಿನ ಎಸೆತವನ್ನು ರಜಾಯ್ ಡೇವಿಸ್ ಎಡಬದಿಯ ಗೋಡೆಯಾಚೆಗೆ ಹೊಡೆದು 6-6 ಮಾಡಿದರು. ಹತ್ತನೆಯ ಇನ್ನಿಂಗ್ಸ್‌ಗೆ ಮುನ್ನ ಸುರಿದ ಮಳೆ, ಬೆನ್ ಜೋಬ್ರಿಸ್ಟ್ ಹೊಡೆತ, ಕೊನೆಗೆ 8-7. ತಂದ ತಾರೆ ಪ್ರಶಸ್ತಿಯನ್ನು ಹತ್ತಿರಕ್ಕೆ ತಂದದ್ದೂ ಹೌದು, ಕೈಜಾರಿಸುವುದರಲ್ಲಿದ್ದದ್ದೂ ಹೌದು. ಡಿಸೆಂಬರ್‌ನಲ್ಲಿ ಅವರು ಯಾಂಕೀಸ್‌ಗೇ ಮರಳಿದರು. ಟೋರೆಸ್ 2019ರಲ್ಲಿ ಅಲ್ಲೇ 38 ಹೋಮ್ ರನ್ ಹೊಡೆದರು. ಅಂದರೆ ಕೊಟ್ಟವನೂ ತಂದವನೂ ಇಬ್ಬರೂ ಕೊನೆಗೆ ಯಾಂಕೀಸ್ ಪಾಲಾದರು. ಹಾಗಿದ್ದೂ ಆ ವ್ಯವಹಾರವನ್ನು ಹಿಂತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಒಪ್ಪುವ ಕಬ್ಸ್ ಅಭಿಮಾನಿಗಳು ಹೆಚ್ಚು ಸಿಗಲಾರರು.

ಆದರೆ 1987ರ ಅಥವಾ 2016ರ ಲೆಕ್ಕವನ್ನು ಇಂದಿಗೆ ಹಾಗೆಯೇ ಅನ್ವಯಿಸಬಾರದು. 2022ರಿಂದ ಪ್ಲೇಆಫ್‌ಗೆ 12 ತಂಡಗಳು ಹೋಗುತ್ತವೆ. ಒಳಗೆ ಹೋಗುವುದು ಸುಲಭವಾಗಿದೆ, ಒಳಗೆ ಹೋದ ಮೇಲೆ ಗೆಲ್ಲಬೇಕಾದ ಸುತ್ತುಗಳು ಹೆಚ್ಚಿವೆ. ಜೊತೆಗೆ ಜುಲೈ ಕೊನೆಯಲ್ಲಿ ತಮಗೂ ಅವಕಾಶವಿದೆಯೆಂದು ನಂಬುವ ತಂಡಗಳು ಹೆಚ್ಚಾಗಿರುವುದರಿಂದ ಮಾರುವವರು ಕಡಿಮೆ, ಕೇಳುವ ಬೆಲೆ ಹೆಚ್ಚು. ಆದ್ದರಿಂದ ಕೊನೆಯ ಸ್ಥಾನಕ್ಕೆ ಹೆಣಗುವ ತಂಡ ಮೂರು ತಿಂಗಳ ಪಿಚರ್‌ಗಾಗಿ ತನ್ನ ಅತ್ಯುತ್ತಮ ಹುಡುಗನನ್ನು ಕೊಡುವುದನ್ನು ಈಗ ನಾನು ಒಪ್ಪುವುದಿಲ್ಲ.

ಇನ್ನು ತಾರೆಯೇ ಎಳೆಯನಾಗಿದ್ದರೆ? 2022ರ ಆಗಸ್ಟ್ 2ರಂದು ವಾಷಿಂಗ್ಟನ್ ನ್ಯಾಷನಲ್ಸ್ 23 ವರ್ಷದ ಹುವಾನ್ ಸೋಟೊ ಅವರನ್ನು ಸ್ಯಾನ್ ಡಿಯೇಗೊಗೆ ಕೊಟ್ಟಿತು. 15 ವರ್ಷಕ್ಕೆ 44 ಕೋಟಿ ಡಾಲರ್‌ಗಳ ಒಪ್ಪಂದವನ್ನು ಅವರು ನಿರಾಕರಿಸಿದ್ದರು. ಬದಲಿಗೆ ಬಂದವರಲ್ಲಿ ಸಿಜೆ ಏಬ್ರಮ್ಸ್, ಜೇಮ್ಸ್ ವುಡ್ ಮತ್ತು ಮೆಕೆಂಜಿ ಗೋರ್ ಇದ್ದರು. ಗೋರ್‌ಗೂ ಸೋಟೊಗೂ ವಯಸ್ಸಿನಲ್ಲಿ ನಾಲ್ಕೇ ತಿಂಗಳ ಅಂತರ. ಆದರೂ ಒಬ್ಬರು ಇನ್ನೂ ಭರವಸೆಯ ಹುಡುಗ, ಇನ್ನೊಬ್ಬರು ಎರಡೂವರೆ ಸೀಸನ್ ಬಾಕಿಯಿರುವ ತಾರೆ. ಸ್ಯಾನ್ ಡಿಯೇಗೊ ಆ ವರ್ಷ 111 ಪಂದ್ಯ ಗೆದ್ದಿದ್ದ ಡಾಡ್ಜರ್ಸ್ ತಂಡವನ್ನೇ ಪ್ಲೇಆಫ್‌ನಿಂದ ಹೊರದೂಡಿ ಮುಂದಿನ ಸುತ್ತಿನಲ್ಲಿ ಸೋತಿತು, 2023ರಲ್ಲಿ ಪ್ಲೇಆಫ್‌ಗೂ ಬರದೆ ಡಿಸೆಂಬರ್‌ನಲ್ಲಿ ಸೋಟೊ ಅವರನ್ನು ಯಾಂಕೀಸ್‌ಗೆ ಕೊಟ್ಟು ಮೈಕಲ್ ಕಿಂಗ್ ಸೇರಿದಂತೆ ಹಲವು ಪಿಚರ್‌ಗಳನ್ನು ಪಡೆಯಿತು. ಎರಡೂ ಕಡೆಯವರಿಗೆ ಸಮರ್ಥನೆಯಿದೆ ಎನ್ನಬಹುದಾದ ಅಪರೂಪದ ವ್ಯವಹಾರವಿದು. ಆದರೆ ಹುಡುಗರಿಗಾಗಿ ಕಾಯುವ ತಾಳ್ಮೆ ಅಭಿಮಾನಿಗೆ ಇದ್ದರೂ ಮಾಲೀಕರಿಗೆ ಇರಬೇಕಲ್ಲ. ಸೋಟೊ ಅವರನ್ನು ಕೊಟ್ಟು ವುಡ್ ಮತ್ತು ಗೋರ್ ಅವರನ್ನು ತಂದ ಜನರಲ್ ಮ್ಯಾನೇಜರ್ ಮೈಕ್ ರಿಜೊ ಅವರನ್ನು ವಾಷಿಂಗ್ಟನ್ 2025ರ ಜುಲೈನಲ್ಲಿ ಕೆಲಸದಿಂದ ತೆಗೆದುಹಾಕಿತು. ಅದೇ ತಿಂಗಳ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವರಲ್ಲಿ ವುಡ್ ಮತ್ತು ಗೋರ್ ಇಬ್ಬರೂ ಇದ್ದರು.