ಎಂಟು ಮಕ್ಕಳಿಗೆ ಒಬ್ಬ ಟೀಚರ್: ಆ ಲೆಕ್ಕ ಎಲ್ಲಿ ಹೋಯಿತು?

ಕಿವಿ ಮಂದವಾಗಿರುವ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಅಷ್ಟು ಮಾಡುವ ಮೇಷ್ಟ್ರು ಒಳ್ಳೆಯವರೇ. ಆದರೆ ಅವರು ಮಾತಾಡುತ್ತಲೇ ಬೋರ್ಡಿನ ಕಡೆ ತಿರುಗಿದರೆ ತುಟಿ ಕಾಣುವುದಿಲ್ಲ. ಆ ಮಗುವಿಗೆ ಪಾಠ ಅಲ್ಲಿಗೇ ನಿಂತಿತು. ಇಂಥ ಸೂಕ್ಷ್ಮ ಗೊತ್ತಿರುವುದು ಅಂಗವಿಕಲ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ವಿಶೇಷ ಶಿಕ್ಷಕರಿಗೆ. ಅವರೇ ನಮ್ಮ ಶಾಲೆಗಳಲ್ಲಿ ಅಪರೂಪ.

ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. ಆದರೆ ಅಂಥ ಶಾಲೆಗಳು ಇದ್ದದ್ದು ದೊಡ್ಡ ಊರುಗಳಲ್ಲಿ. ಹಳ್ಳಿಯ ಮಗು ಮನೆ ಬಿಟ್ಟು ಹೋಗಬೇಕಿತ್ತು, ಇಲ್ಲವೇ ಓದು ಬಿಡಬೇಕಿತ್ತು. ಈ ಮಕ್ಕಳೂ ಆದಷ್ಟು ಸಾಮಾನ್ಯ ಶಾಲೆಯಲ್ಲೇ ಕಲಿಯಲಿ ಎಂದು ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಶಿಕ್ಷಣ ಆಯೋಗ 1966ರಲ್ಲಿ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆ ತಂದಿತು. 1992ರ ಹೊತ್ತಿಗೆ ಅದರ ನಿಯಮದಲ್ಲಿ ಇಂಥ 8 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಎಂಬ ಲೆಕ್ಕವೂ ಇತ್ತು.

ಆಮೇಲೆ ಹಕ್ಕುಗಳು ಬೆಳೆದವು. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಟ್ಟಿತು. ಅದರ ಪಟ್ಟಿಯಲ್ಲಿದ್ದದ್ದು 7 ಬಗೆಯ ಅಂಗವಿಕಲತೆ ಮಾತ್ರ. ಆಟಿಸಂ ಇರಲಿಲ್ಲ, ಡಿಸ್ಲೆಕ್ಸಿಯಾ ಇರಲಿಲ್ಲ. ಅಕ್ಷರ ಕೂಡಿಸಲಾಗದ ಎಷ್ಟೋ ಮಕ್ಕಳು ಸುಮ್ನೆ 'ದಡ್ಡ' ಅನ್ನಿಸಿಕೊಂಡು ಏಟು ತಿಂದರು. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಇವೂ ಸೇರಿದವು.

ಶಿಕ್ಷಕರ ಲೆಕ್ಕ ಮಾತ್ರ ಹಿಂದೆ ಬಿತ್ತು. ಸರ್ವ ಶಿಕ್ಷಣ ಅಭಿಯಾನ ಯಾವ ಮಗುವನ್ನೂ ವಾಪಸ್ ಕಳಿಸಬಾರದು ಎಂದಿತು, ಸರಿ. ಆದರೆ ಕರ್ನಾಟಕದಲ್ಲಿ ಕೆಲಸ ಬಿದ್ದದ್ದು ಬಿಐಇಆರ್‌ಟಿಗಳ, ಅಂದರೆ ಈ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಸಂಪನ್ಮೂಲ ಶಿಕ್ಷಕರ ಮೇಲೆ. ಶಾಲೆಯಿಂದ ಶಾಲೆಗೆ ಸುತ್ತಬೇಕು, ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೂ ಹೋಗಬೇಕು. ವಾರಕ್ಕೊಮ್ಮೆ ಬಂದು ಹೋದರೆ ಬ್ರೈಲ್ ಕಲಿಸಲಾದೀತಾ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಬರೆಯಿತು. ವಿಶೇಷ ಶಿಕ್ಷಕರ ಸಂಖ್ಯೆಯನ್ನೇ ಬರೆಯಲಿಲ್ಲ. ನನ್ನ ಮಟ್ಟಿಗೆ ದೊಡ್ಡ ತಪ್ಪು ಆದದ್ದು ಇಲ್ಲೇ. ನಿಯಮದಲ್ಲಿ ಇಲ್ಲದ ಹುದ್ದೆಗೆ ಯಾವ ಸರ್ಕಾರ ದುಡ್ಡು ಇಡುತ್ತದೆ?

ವಿಶೇಷ ಶಿಕ್ಷಕರ ಕೊರತೆ ಕುರಿತ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೇಂದ್ರಕ್ಕೆ ಈ ಸಂಖ್ಯೆ ಗೊತ್ತುಮಾಡಲು ಹೇಳಿತು. 2022ರಲ್ಲಿ ಅಧಿಸೂಚನೆ ಬಂತು: 1ರಿಂದ 5ನೇ ತರಗತಿಗೆ ಇಂಥ 10 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 15 ಮಕ್ಕಳಿಗೆ ಒಬ್ಬರು. ಹಳೆಯ 8ಕ್ಕಿಂತ ಇದು ಸಡಿಲವೇ, ಆದರೂ ಈಗ ಕಾಯ್ದೆಯೊಳಗೇ ಬಂದಿದೆ. ಹುದ್ದೆಗಳನ್ನು ಗುರುತಿಸಿ ಭರ್ತಿ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ವರ್ಷಗಟ್ಟಲೆ ಗುತ್ತಿಗೆಯಲ್ಲೇ ದುಡಿದ ವಿಶೇಷ ಶಿಕ್ಷಕರ ಅರ್ಹತೆ ನೋಡಿ, ಅರ್ಹರಿಗೆ ಸರಿಯಾದ ವೇತನ ಶ್ರೇಣಿ ಕೊಡಿ ಎಂಬುದೂ ಆ ಆದೇಶದಲ್ಲಿದೆ.