ಎಚ್ಚರವಾದ ಮೇಲಿನ ಮೊದಲ ಅರ್ಧ ಗಂಟೆ

ನಿದ್ದೆ ಸಾಲದೆ ಮಲಗಿರುವುದು ಬೇರೆ, ಎಚ್ಚರವಿದ್ದೂ ಏಳಲಾಗದೆ ಮಲಗಿರುವುದು ಬೇರೆ. ಎರಡನೆಯದರಲ್ಲಿ ಕಣ್ಣು ಬಿಟ್ಟ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆಯಲ್ಲಿ ತಳಮಳ ಏಳುತ್ತದೆ. ಇವತ್ತು ಎದುರಿಸಬೇಕಾದ ಯಾವುದೋ ಒಂದು ಕೆಲಸ ನೆನಪಾಗಿ ಹೊದಿಕೆ ಮತ್ತೆ ಮುಖದ ಮೇಲೆ ಬರುತ್ತದೆ. ಮನೆಯವರಿಗೆ ಕಾಣುವುದು ಮಲಗಿದ ದೇಹ ಮಾತ್ರ. "ಏಳು ಮಾರಾಯ, ಎಂತ ಉದಾಸೀನ ನಿನಗೆ" ಎಂಬ ಮಾತು ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕೇಳಿಬರುವುದು ಆಗಲೇ. ಸುಖವಾಗಿ ಮಲಗಿದವರ ಎದೆ ಹೀಗೆ ಹೊಡೆದುಕೊಳ್ಳುವುದಿಲ್ಲ. ಇದು ಭಯ, ಬೈದರೆ ಹೆಚ್ಚುವಂಥದ್ದು.

ಬೆಳಗಿನ ಹೊತ್ತೇ ಈ ಭಯ ಜೋರಾಗಲು ದೇಹದಲ್ಲಿ ಕಾರಣವಿದೆ. ಎಚ್ಚರವಾದ 30ರಿಂದ 45 ನಿಮಿಷಗಳೊಳಗೆ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ಸಾಮಾನ್ಯವಾಗಿ ಸುಮಾರು ಅರ್ಧದಷ್ಟು ಏರುತ್ತದೆ. ಹೃದಯ ಬಡಿತವೂ ರಕ್ತದೊತ್ತಡವೂ ಜೊತೆಗೆ ಏರುತ್ತವೆ. ಆರೋಗ್ಯವಂತರಲ್ಲೂ ಹೀಗೆಯೇ, ದಿನದ ಕೆಲಸಕ್ಕೆ ದೇಹ ಅಣಿಯಾಗುವ ಕ್ರಮ ಇದು. ಆತಂಕವಿರುವವರು ಈ ಬಡಿತವನ್ನು ಗಮನಿಸುತ್ತಾರೆ, ಏನೋ ಕೆಟ್ಟದ್ದು ಕಾದಿದೆ ಎಂದು ಅದನ್ನು ಓದುತ್ತಾರೆ, ಆ ಓದಿನಿಂದಲೇ ಬಡಿತ ಇನ್ನಷ್ಟು ಏರುತ್ತದೆ. ಇತ್ತ ನಿದ್ದೆಯ ಮಂಪರು ಇಳಿಯಲು 15ರಿಂದ 30 ನಿಮಿಷ ಬೇಕು, ಕೆಲವರಿಗೆ ಒಂದು ಗಂಟೆಯೂ ಬೇಕಾದೀತು. ಅಷ್ಟು ಹೊತ್ತು ಯೋಚಿಸಿ ತೀರ್ಮಾನಿಸುವ ಶಕ್ತಿ ಮಂದವಾಗಿರುತ್ತದೆ. ಹಾಗಾಗಿ ಇವತ್ತು ಹೋಗುವುದೋ ಬಿಡುವುದೋ ಎಂದು ಹಾಸಿಗೆಯಲ್ಲಿ ತೀರ್ಮಾನಿಸಬಾರದು. ಆ ಪ್ರಶ್ನೆಗೆ ದಿನದ ಅತ್ಯಂತ ಕೆಟ್ಟ ಹೊತ್ತು ಅದೇ.

ಆ ಹೊತ್ತಿನಲ್ಲೇ ತೀರ್ಮಾನವಾದರೆ ಏನಾಗುತ್ತದೆ ನೋಡಿ. ಬೆಳಿಗ್ಗೆ 7.40ಕ್ಕೆ ಒಬ್ಬರು "ಹುಷಾರಿಲ್ಲ, ಇವತ್ತು ಬರುವುದಿಲ್ಲ" ಎಂದು ಆಫೀಸಿಗೆ ವಾಟ್ಸಾಪ್ ಮಾಡುತ್ತಾರೆ. ಅರ್ಧ ನಿಮಿಷದಲ್ಲಿ ಎದೆ ಹಗುರವಾಗುತ್ತದೆ. ಮಿದುಳಿಗೆ ಆ ಹಗುರವೇ ಬಹುಮಾನ. ಮಲಗಿಯೇ ಇದ್ದರೆ ಅಪಾಯ ತಪ್ಪುತ್ತದೆ ಎಂಬ ಪಾಠ ಕುಳಿತುಬಿಡುತ್ತದೆ. ಆಫೀಸಿನಲ್ಲಿ ನಿಜಕ್ಕೂ ಅಪಾಯವಿತ್ತೇ ಎಂದು ಪರೀಕ್ಷಿಸುವ ಅವಕಾಶವೇ ಸಿಗುವುದಿಲ್ಲ. ಭಯ ಹುಟ್ಟುವುದು ಒಂದು ಬಗೆಯ ಕಲಿಕೆಯಿಂದ, ಉಳಿದು ಬೇರೂರುವುದು ತಪ್ಪಿಸಿಕೊಂಡಾಗಿನ ನೆಮ್ಮದಿಯಿಂದ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ವಿವರಿಸಿದ್ದರು. ಮರುದಿನ ಹಳೆಯ ಕೆಲಸದ ಜೊತೆಗೆ ನಿನ್ನೆಯ ರಜೆಗೆ ಕಾರಣ ಹೇಳುವ ಭಯವೂ ಸೇರುತ್ತದೆ. ಮೂರನೆಯ ದಿನ ಫೋನ್ ಎತ್ತಲೂ ಹೆದರಿಕೆ.

ನಿದ್ದೆಯ ಲೆಕ್ಕವೂ ಕೆಡುತ್ತದೆ. ಎದ್ದು ಸುಮಾರು 16 ಗಂಟೆಯಾದ ಮೇಲೆ ಗಟ್ಟಿ ನಿದ್ದೆ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 11ಕ್ಕೆ ಎದ್ದವರಿಗೆ ಅದು ಬರುವುದು ನಸುಕಿನ 3ಕ್ಕೆ. ಅಂಥವರು ನಾಳೆಯಿಂದಲೇ ಐದಕ್ಕೆ ಏಳುತ್ತೇನೆ ಎಂದು ಅಲಾರಂ ಇಟ್ಟರೆ ಸೋಲು ಖಚಿತ. ಏಳುವ ಹೊತ್ತನ್ನು ಎರಡು ದಿನಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತಂದರೆ 11ರಿಂದ 7ಕ್ಕೆ ಬರಲು 16 ದಿನ ಸಾಕು. ಭಾನುವಾರಕ್ಕೂ ವಿನಾಯಿತಿ ಬೇಡ. ಮಧ್ಯಾಹ್ನ ಊಟವಾದ ಮೇಲೆ ಮಲಗಲೇಬೇಕಿದ್ದರೆ 3 ಗಂಟೆಗೆ ಮೊದಲು, 20 ನಿಮಿಷ.

ಬೆಳಗಿನ ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಫೋನನ್ನು ಚಾವಡಿಯಲ್ಲಿ ಚಾರ್ಜಿಗೆ ಹಾಕಿ, ಅಲಾರಂ ಅಲ್ಲಿಂದಲೇ ಕೇಳಲಿ. ನಿಲ್ಲಿಸಬೇಕಾದರೆ ನಡೆದೇ ಹೋಗಬೇಕು. ತಲೆದಿಂಬಿನ ಪಕ್ಕ ಫೋನಿದ್ದರೆ ಅಲಾರಂ ನಿಲ್ಲಿಸಿದ ಬೆರಳೇ ಮೆಸೇಜು ತೆರೆಯುತ್ತದೆ, ಭಯಕ್ಕೆ ಮೇವು ಸಿಗುತ್ತದೆ. ಉಡುವ ಬಟ್ಟೆ ಕುರ್ಚಿಯ ಮೇಲಿರಲಿ. ಒಂದು ಚೀಟಿಯಲ್ಲಿ ಬೆಳಗಿನ ಮೊದಲ ಮೂರು ಚಲನೆ ಮಾತ್ರ ಬರೆಯಿರಿ: ಅಲಾರಂ ಹೊಡೆದರೆ ಎರಡೂ ಕಾಲು ನೆಲಕ್ಕೆ, ಕಾಲು ನೆಲಕ್ಕೆ ತಾಗಿದರೆ ಬಚ್ಚಲಿಗೆ, ಮುಖ ತೊಳೆದರೆ ಜಗಲಿಗೆ. "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಕಟ್ಟಿಟ್ಟ ನಿರ್ಧಾರ ಬರಿಯ ಸಂಕಲ್ಪಕ್ಕಿಂತ ಹೆಚ್ಚು ನಡೆಯುತ್ತದೆ ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರ ಸಂಶೋಧನೆ ತೋರಿಸಿದೆ. ಆ ಹೊತ್ತಿಗೆ ಯೋಚನೆಯ ಹೊರೆ ತಪ್ಪುತ್ತದೆ ಎಂಬುದೇ ಅದರ ಬಲ.

ಎದ್ದು ಕೂತ ಮೇಲೆ ಒಂದೆರಡು ನಿಮಿಷ ಹಾಗೆಯೇ ಇರಿ, ತಟ್ಟನೆ ನಿಂತರೆ ಕೆಲವರಿಗೆ ತಲೆ ತಿರುಗುತ್ತದೆ. ಉಸಿರನ್ನು ನಾಲ್ಕು ಎಣಿಸುತ್ತಾ ಒಳಗೆಳೆದು ಆರು ಎಣಿಸುತ್ತಾ ಬಿಡಿ, ಹತ್ತು ಸಲ. ಎದೆಬಡಿತ ಪೂರ್ತಿ ಇಳಿಯಲಿ ಎಂದು ಕಾಯಬೇಡಿ. ಇಲ್ಲೇ ಹೆಚ್ಚಿನವರು ಎಡವುವುದು: ಭಯ ಹೋದ ಮೇಲೆ ಏಳೋಣ ಎಂದು ಮಲಗಿ ಕಾಯುತ್ತಾರೆ, ಮಲಗಿದಷ್ಟೂ ಚಿಂತೆ ಸುತ್ತುತ್ತದೆ, ಹಾಸಿಗೆಗೂ ಚಿಂತೆಗೂ ನಂಟು ಬೆಳೆಯುತ್ತದೆ. ಬಡಿಯುವ ಎದೆಯನ್ನು ಹೊತ್ತುಕೊಂಡೇ ಬಚ್ಚಲಿಗೆ ಹೋಗಬಹುದು.

ಆಮೇಲೆ ಬೆಳಕು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಬೆಳಕಿರುತ್ತದೆ (ಲಕ್ಸ್ ಎಂದರೆ ಬೆಳಕಿನ ಅಳತೆ). ಮೋಡ ಮುಸುಕಿದ ಹಗಲಲ್ಲೂ ಹೊರಗೆ ಸಾವಿರ ಲಕ್ಸ್ ದಾಟುತ್ತದೆ. ದೇಹದ ಗಡಿಯಾರಕ್ಕೆ ಬೆಳಗಾಯಿತೆಂದು ತಿಳಿಯುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಈ ಬೆಳಕಿನಿಂದ. ಆಟಿ ತಿಂಗಳ ಮಳೆಯಲ್ಲಿ ಕಿಟಕಿ ಮುಚ್ಚಿದ ಕೋಣೆಗಳು ಹತ್ತು ಗಂಟೆಗೂ ಕತ್ತಲೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜಗಲಿಯ ಅಂಚಿನಲ್ಲೋ ಫ್ಲ್ಯಾಟಿನ ಬಾಲ್ಕನಿಯಲ್ಲೋ 20 ನಿಮಿಷ ಕೂರುವುದು ಇನ್ನಷ್ಟು ಮುಖ್ಯ. ಚಾ ಅಲ್ಲೇ ಕುಡಿಯಿರಿ, ಆದರೆ ಖಾಲಿ ಹೊಟ್ಟೆಗೆ ಎರಡು ಲೋಟ ಗಟ್ಟಿ ಕಾಫಿ ಬೇಡ. ಕೆಫೀನು ತರುವ ನಡುಕವನ್ನು ಆತಂಕದಿಂದ ಬೇರ್ಪಡಿಸುವುದು ಕಷ್ಟ. ಮೊದಲು ಒಂದು ಬಾಳೆಹಣ್ಣೋ ಎರಡು ನೀರುದೋಸೆಯೋ ಹೊಟ್ಟೆಗೆ ಹೋಗಲಿ.

ಇಷ್ಟರಿಂದ ಹಾಸಿಗೆ ಬಿಡಬಹುದು. ಹಾಸಿಗೆಗೆ ಅಟ್ಟಿದ ಕೆಲಸ ಮಾತ್ರ ಹಾಗೆಯೇ ಇರುತ್ತದೆ. ಅದಕ್ಕೆ ಮೆಟ್ಟಿಲು ಕಟ್ಟಬೇಕು. ಮುಲ್ಕಿಯಿಂದ ಮಂಗಳೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿಯನ್ನು ನೆನೆಸಿಕೊಳ್ಳಿ: ಮೂರು ವಾರ ತರಗತಿ ತಪ್ಪಿದೆ, ಹಾಜರಾತಿ ಕಡಿಮೆ, ಪ್ರಾಜೆಕ್ಟ್ ಗೈಡ್ ಮುಖ ನೋಡಲು ಭಯ. ಮೊದಲ ಮೆಟ್ಟಿಲು ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಲೈಬ್ರರಿಯಲ್ಲಿ ಒಂದು ಗಂಟೆ ಕೂರುವುದು, ಅಷ್ಟೇ. ಹೊರಡುವ ಮೊದಲು ಚೀಟಿಯಲ್ಲಿ ಭಯವನ್ನು ಸ್ಪಷ್ಟವಾಗಿ ಬರೆಯಬೇಕು: "ಸಿಕ್ಕಿದವರೆಲ್ಲ ಎಲ್ಲಿದ್ದೆ ಎಂದು ಕೇಳುತ್ತಾರೆ, ನನಗೆ ಮಾತೇ ಹೊರಡುವುದಿಲ್ಲ. ಭಯ 100ಕ್ಕೆ 80." ಸಂಜೆ ಅದರ ಕೆಳಗೆ ಎಷ್ಟು ಜನ ಕೇಳಿದರು, ಏನು ಹೇಳಿದೆ ಎಂದು ಬರೆಯಬೇಕು. ಊಹೆಗೂ ನಡೆದದ್ದಕ್ಕೂ ಇರುವ ಅಂತರವೇ ಮಿದುಳಿಗೆ ಹೊಸ ಪಾಠ. ಅದೇ ಮೆಟ್ಟಿಲನ್ನು ಎರಡು ಮೂರು ದಿನ ಹತ್ತಿದ ಮೇಲೆ ಒಂದು ತರಗತಿ. ಆಮೇಲೆ ಗೈಡ್‌ಗೆ ಎರಡು ಸಾಲು: "ಸರ್, ಆರೋಗ್ಯದ ಕಾರಣ ಹಿಂದೆ ಬಿದ್ದಿದ್ದೇನೆ. ಈ ವಾರ ಹತ್ತು ನಿಮಿಷ ಸಿಗಬಹುದೇ?" ಕೊನೆಗೆ ಭೇಟಿ.

ಮೆಟ್ಟಿಲು ತೀರ ಎತ್ತರವಾದರೆ ಅರ್ಧ ದಾರಿಯಲ್ಲಿ ವಾಪಸಾಗುವ ಸಂಭವ ಹೆಚ್ಚು. ಭಯ ತುದಿಯಲ್ಲಿದ್ದಾಗ ಹಿಂದಿರುಗಿದರೆ ಓಡಿದ್ದರಿಂದಲೇ ಬದುಕಿದೆ ಎಂಬ ಹಳೆಯ ಪಾಠ ಗಟ್ಟಿಯಾಗುತ್ತದೆ. ಸ್ಟಾಪಿಗೆ ಹೋಗಿ ತಿರುಗಿ ಬರುವುದಕ್ಕಿಂತ, ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದನ್ನೇ ಮೊದಲ ಮೆಟ್ಟಿಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಜ್ವರವೋ ಹಬ್ಬದ ರಜೆಯೋ ಮುಗಿದ ಮೇಲೆ ಭಯ ಮತ್ತೆ ತಲೆಯೆತ್ತುವುದೂ ಉಂಟು. ಹಳೆಯ ಭಯ ಅಳಿಸಿಹೋಗುವುದಿಲ್ಲ, ಹೊಸ ಕಲಿಕೆ ಅದನ್ನು ಅದುಮಿ ಹಿಡಿದಿರುತ್ತದೆ. ಆಗ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿದರೆ ಸರಿ.

ಮನಸ್ಸು ಸರಿಹೋಗುವ ಮೊದಲೇ ಚಟುವಟಿಕೆ ಶುರುಮಾಡುವ ಈ ದಾರಿ ನಮ್ಮ ಪಕ್ಕದ ಗೋವಾದಲ್ಲೇ ಪರೀಕ್ಷೆಗೊಳಗಾಗಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಜನರೇ ಆಪ್ತಸಲಹೆ ಕೊಟ್ಟಿದ್ದರು. ಮೂರು ತಿಂಗಳಲ್ಲಿ ಅವರ ನೆರವು ಪಡೆದವರ ಪೈಕಿ ಶೇ. 64 ಮಂದಿ ಚೇತರಿಸಿಕೊಂಡರು, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 39. ಅದು ಖಿನ್ನತೆಯ ಅಧ್ಯಯನ, ಆತಂಕದ್ದಲ್ಲ; ಆದರೆ ಹೀಗೆ ಹಾಸಿಗೆ ಬಿಡಲಾಗದವರಲ್ಲಿ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ.

ಮನೆಯವರಿಗೆ ಒಂದು ಮಾತು. ಮಗನ ಪರವಾಗಿ ಆಫೀಸಿಗೆ ಫೋನ್ ಮಾಡಿ ಜ್ವರ ಎನ್ನುವುದು, ಊಟವನ್ನು ಹಾಸಿಗೆಗೇ ತಂದುಕೊಡುವುದು ಪ್ರೀತಿಯಿಂದಲೇ ಆಗುತ್ತದೆ, ಆದರೂ ತಪ್ಪಿಸಿಕೊಳ್ಳುವ ದಾರಿ ಅಗಲವಾಗುತ್ತದೆ. "ಚಾ ಜಗಲಿಯಲ್ಲಿಟ್ಟಿದ್ದೇನೆ, ನಾನೂ ಅಲ್ಲೇ ಕೂತಿರ್ತೇನೆ" ಎಂದರೆ ಬೈಗುಳವೂ ಇಲ್ಲ, ಹಾಸಿಗೆಗೆ ಸೇವೆಯೂ ಇಲ್ಲ.

ಎರಡು ವಾರ ಕಳೆದರೂ ಸುಧಾರಿಸದಿದ್ದರೆ, ಏಳಬೇಕಾದ್ದಕ್ಕಿಂತ ಎರಡು ಗಂಟೆ ಮೊದಲೇ ಎಚ್ಚರವಾಗಿ ಮನಸ್ಸು ಕುಸಿಯುತ್ತಿದ್ದರೆ, ಊಟ ಸೇರದೆ ತೂಕ ಇಳಿದರೆ ವೈದ್ಯರನ್ನು ಕಾಣಬೇಕು. ಬದುಕು ಸಾಕೆನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಹೋಗಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ ಇವೂ ಬೆಳಗಿನ ಹೊತ್ತು ಮನುಷ್ಯನನ್ನು ನೆಲಕ್ಕೆ ಒತ್ತುತ್ತವೆ. ರಾತ್ರಿ ನುಂಗುವ ಅಲರ್ಜಿ ಮಾತ್ರೆ, ನಿದ್ದೆಮಾತ್ರೆಗಳ ಮಂಪರು ಬೆಳಗಿನವರೆಗೂ ಉಳಿಯಬಹುದು. ಹಾಗೆಂದು ವೈದ್ಯರು ಬರೆದ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೆಯಿಂದ ಹೊರಡುವುದೇ ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರಲ್ಲಿಗೆ ಹೋಗುವಾಗ ಒಂದು ವಾರದ ಹಾಳೆ ಜೊತೆಗಿರಲಿ: ಮಲಗಿದ್ದು, ಎಚ್ಚರವಾದದ್ದು, ಹಾಸಿಗೆ ಬಿಟ್ಟದ್ದು ಎಷ್ಟು ಗಂಟೆಗೆ, ಆಗ ಭಯ 100ಕ್ಕೆ ಎಷ್ಟಿತ್ತು, ತಪ್ಪಿಸಿಕೊಂಡ ಕೆಲಸ ಯಾವುದು.