ಇಂಗ್ಲೆಂಡಿನ ಹಳೆಯ ಆಲ್ಮನ್ಯಾಕ್: ಲೆಕ್ಕ ಎಲ್ಲಿ ಮುಗಿಯಿತು, ಫಲ ಎಲ್ಲಿ ಶುರುವಾಯಿತು

ಆಲ್ಮನ್ಯಾಕ್ ಅಂದರೆ ಏನು ಅಂತ ಕೇಳಿದರೆ, ನಮ್ಮ ಪಂಚಾಂಗವನ್ನು ನೆನಪಿಸಿಕೊಳ್ಳಿ, ಅರ್ಧ ಅರ್ಥವಾಗುತ್ತದೆ. ಕೆಲವೇ ಪೆನ್ಸ್ ಬೆಲೆಯ ಪುಟ್ಟ ಪುಸ್ತಕ. ಪ್ರತಿ ವರ್ಷ ಹೊಸದು ಕೊಳ್ಳಬೇಕು. ಅದರಲ್ಲಿ ತಿಂಗಳುಗಳ ಪಟ್ಟಿ, ಹುಣ್ಣಿಮೆ ಅಮಾವಾಸ್ಯೆ, ಗ್ರಹಣ, ಊರೂರಿನ ಸಂತೆ ಜಾತ್ರೆಗಳ ದಿನ ಇರುತ್ತಿದ್ದವು. ಕೊನೆಗೆ ವರ್ಷಭವಿಷ್ಯ. 1660ರ ದಶಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಪ್ರತಿಗಳು ಖರ್ಚಾಗುತ್ತಿದ್ದವು ಅನ್ನುವುದು ಇತಿಹಾಸಕಾರರ ಅಂದಾಜು. ಇಷ್ಟು ಲಾಭದ ವ್ಯಾಪಾರವನ್ನು ಯಾರು ಬಿಡುತ್ತಾರೆ? 1603ರಲ್ಲಿ ರಾಜ ಜೇಮ್ಸ್ ಕೊಟ್ಟ ಹಕ್ಕಿನಿಂದ ಅದು ಲಂಡನ್ನಿನ ಸ್ಟೇಷನರ್ಸ್ ಕಂಪನಿ ಅನ್ನುವ ಮುದ್ರಕರ, ಪುಸ್ತಕ ವ್ಯಾಪಾರಿಗಳ ಸಂಘದ ಹಿಡಿತಕ್ಕೆ ಬಂತು.

ಒಂದು ಚಿತ್ರ ಮಾತ್ರ ಚೆನ್ನಾಗಿ ನೆನಪಿಡಿ. ನಿಂತಿರುವ ಮನುಷ್ಯ, ಮೈತುಂಬ ರಾಶಿಗಳು. ತಲೆಗೆ ಮೇಷ, ಕುತ್ತಿಗೆಗೆ ವೃಷಭ, ಹೀಗೆ ಇಳಿಯುತ್ತಾ ಪಾದಕ್ಕೆ ಮೀನ. ಇದು ಸುಮ್ನೆ ಅಲಂಕಾರವಲ್ಲ. ಚಂದ್ರ ಯಾವ ರಾಶಿಯಲ್ಲಿದ್ದಾನೋ ಆ ರಾಶಿಯ ಅಂಗಕ್ಕೆ ಕತ್ತಿ ತಾಕಿಸಬಾರದು, ಅಲ್ಲಿಂದ ರಕ್ತ ತೆಗೆಸಬಾರದು ಅನ್ನುವುದು ಆ ಕಾಲದ ವೈದ್ಯದ ನಿಯಮ.

ಈಗ ಮುಖ್ಯ ವಿಷಯಕ್ಕೆ ಬರೋಣ. ಓದುವಾಗ ನಾವು ಜಾಸ್ತಿ ಎಡವುವುದು ಇಲ್ಲೇ. ಗ್ರಹಣ ಯಾವ ದಿನ ಅನ್ನುವುದು ಲೆಕ್ಕ. ಅದರಿಂದ ಏನಾಗುತ್ತದೆ ಅನ್ನುವುದು ಫಲ. ಎರಡನ್ನೂ ಒಬ್ಬನೇ ಬರೆಯುತ್ತಿದ್ದ, ಒಂದೇ ಪುಸ್ತಕದಲ್ಲಿ. ಹಾಗಾಗಿ ಮೊದಲನೆಯದರ ನಂಬಿಕೆ ಎರಡನೆಯದಕ್ಕೂ ಸಿಗುತ್ತಿತ್ತು. 1652ರ ಮಾರ್ಚ್ 29, ಸೋಮವಾರದ ಸೂರ್ಯಗ್ರಹಣವನ್ನೇ ನೋಡಿ. ಆಲ್ಮನ್ಯಾಕ್ ಬರೆಯುತ್ತಿದ್ದ ಜ್ಯೋತಿಷಿ ವಿಲಿಯಂ ಲಿಲ್ಲಿ ಮತ್ತು ಇತರರು ದೊಡ್ಡ ಕೇಡು ಕಾದಿದೆ ಅಂತ ಬರೆದಿದ್ದರು. ಜನ ಹೆದರಿ ಕೆಲಸ ಬಿಟ್ಟು ಮನೆ ಸೇರಿದರು ಅಂತ ಆಗಿನ ಲೇಖಕ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಗ್ರಹಣ ಹೇಳಿದ ದಿನವೇ ಆಯಿತು. ಸ್ಕಾಟ್ಲೆಂಡಿನಲ್ಲಿ ಕತ್ತಲೂ ಕವಿಯಿತು. ಲಂಡನ್ನಿನಲ್ಲಿ ಮಾತ್ರ ಜನ ಹೆದರಿದ್ದಷ್ಟು ಕತ್ತಲಾಗಲಿಲ್ಲ, ಕೇಡೂ ಬರಲಿಲ್ಲ. ಲೆಕ್ಕ ಸರಿ, ಫಲ ತಪ್ಪು. ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ, ಅಲ್ವಾ?

ಆದರೆ ಲಿಲ್ಲಿಯನ್ನು ಬರೀ ಮೋಸಗಾರ ಅಂದುಬಿಟ್ಟರೆ ಆ ಕಾಲ ನಮಗೆ ಅರ್ಥವಾಗುವುದಿಲ್ಲ. 1644ರಲ್ಲಿ ಅವನ ಮೊದಲ ಆಲ್ಮನ್ಯಾಕ್ ಬಂದಾಗ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. ಅವನು ಪಾರ್ಲಿಮೆಂಟಿನ ಕಡೆ, ಇನ್ನೊಬ್ಬ ಆಲ್ಮನ್ಯಾಕ್ ಬರಹಗಾರ ಜಾರ್ಜ್ ವಾರ್ಟನ್ ರಾಜನ ಕಡೆ. ಇಬ್ಬರ ತಲೆಯ ಮೇಲಿದ್ದದ್ದು ಅದೇ ಆಕಾಶ, ಅವೇ ಗ್ರಹಗಳು. ಗೆಲುವು ಮಾತ್ರ ಅವರವರ ಪಕ್ಷಕ್ಕೆ! ನಾಳೆ ಏನೋ ಅಂತ ಕಂಗಾಲಾದ ಜನರಿಗೆ ಈ ಪುಟಗಳು ಧೈರ್ಯವನ್ನೂ ಕೊಟ್ಟವು, ಭಯವನ್ನೂ ಕೊಟ್ಟವು.

1651ರಲ್ಲಿ ಲಿಲ್ಲಿ ಕೆಲವು ಒಗಟಿನ ಚಿತ್ರಗಳನ್ನು ಅಚ್ಚು ಹಾಕಿಸಿದ. ಒಂದರಲ್ಲಿ ಅವಳಿಗಳು ಬೆಂಕಿಗೆ ಬೀಳುತ್ತಿದ್ದರು. ಲಂಡನ್ನಿನ ರಾಶಿ ಮಿಥುನ ಅನ್ನುವುದು ಆಗಿನ ನಂಬಿಕೆ. 1666ರಲ್ಲಿ ಲಂಡನ್ ಸುಟ್ಟುಹೋಯಿತು. ಅಕ್ಟೋಬರಿನಲ್ಲಿ ಪಾರ್ಲಿಮೆಂಟಿನ ಸಮಿತಿ ಲಿಲ್ಲಿಯನ್ನೇ ಕರೆಸಿ ಪ್ರಶ್ನೆ ಕೇಳಿತು. ಬೆಂಕಿ ಬರುತ್ತದೆ ಅಂತ ಕಂಡಿದ್ದೆ, ಯಾವ ವರ್ಷ ಅಂತ ತಿಳಿದಿರಲಿಲ್ಲ ಅಂದ. ಅವನನ್ನು ಮರ್ಯಾದೆಯಿಂದಲೇ ಕಳುಹಿಸಿದರು.